ತಪ್ಪು ಹೇಳಿದವರು, ಅದನ್ನು ದಾಟಿಸಿದವರು

ಇಂಟರ್ನೆಟ್ ದೊಡ್ಡ ಪ್ರಮಾಣದಲ್ಲಿ ಕೈಕೊಟ್ಟಾಗಲೆಲ್ಲ ಮರುದಿನದ ಸುದ್ದಿಯಲ್ಲಿ ಒಂದೇ ಹೆಸರು ಇರುತ್ತದೆ, ತಪ್ಪು ಮಾಡಿದವರದು. 2008ರಲ್ಲಿ ಯೂಟ್ಯೂಬ್ ಪ್ರಪಂಚದ ಬಹುಪಾಲು ಕಡೆ ಎರಡು ಗಂಟೆ ಮಾಯವಾಗಿತ್ತಲ್ಲ, ಯಾಕೆ ಎಂದು ನೆಟ್‌ವರ್ಕ್ ಕೆಲಸದ ಯಾರನ್ನಾದರೂ ಕೇಳಿ. "ಪಾಕಿಸ್ತಾನ್ ಟೆಲಿಕಾಂ" ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಸುಳ್ಳೇನಲ್ಲ. ಆದರೆ ಪಾಕಿಸ್ತಾನ್ ಟೆಲಿಕಾಂ ಹೇಳಿದ್ದನ್ನು ಹಾಂಗ್‌ಕಾಂಗ್‌ನ ಪಿಸಿಸಿಡಬ್ಲ್ಯು ಎಂಬ ಕಂಪನಿ ಪರೀಕ್ಷೆ ಮಾಡದೆ ಊರಿಗೆಲ್ಲ ದಾಟಿಸದೇ ಹೋಗಿದ್ದರೆ, ಆ ತಪ್ಪು ಆ ದೇಶದ ಗಡಿಯೊಳಗೇ ಹುಟ್ಟಿ ಅಲ್ಲೇ ಸಾಯುತ್ತಿತ್ತು. ಪಿಸಿಸಿಡಬ್ಲ್ಯು ಹೆಸರು ಯಾರಿಗೂ ನೆನಪಿಲ್ಲ. ಈ ಮರೆವೇ ನನ್ನನ್ನು ಕಾಡುವುದು. ಇಂಟರ್ನೆಟ್‌ನ ದಾರಿಗಳ ಭದ್ರತೆ ಎಂಬುದೇನಾದರೂ ಇದ್ದರೆ ಅದು ಇರುವುದು ತಪ್ಪು ಮಾಡಿದವರ ಬಳಿ ಅಲ್ಲ, ಅವರ ಪಕ್ಕದವರ ಬಳಿ.

70 ಸಾವಿರಕ್ಕೂ ಹೆಚ್ಚು ಸ್ವತಂತ್ರ ನೆಟ್‌ವರ್ಕ್‌ಗಳು "ಈ ವಿಳಾಸಗಳಿಗೆ ಹೋಗಬೇಕಾದರೆ ನನ್ನ ಕಡೆ ಬನ್ನಿ" ಎಂದು ಒಂದಕ್ಕೊಂದು ಬಿಜಿಪಿ ಎಂಬ ಪ್ರೋಟೊಕಾಲ್‌ನಲ್ಲಿ ಹೇಳಿಕೊಳ್ಳುತ್ತವೆ. ಅನೌನ್ಸ್ ಮಾಡುವುದು ಎಂದರೆ ಇದೇ; ಹಾಗೆ ಹೇಳಿದ ದಾರಿ ರೂಟು, ಹೇಳುವ ನೆಟ್‌ವರ್ಕ್‌ನ ಗುರುತು ಎಎಸ್ ಸಂಖ್ಯೆ. ಹೇಳಿದ್ದು ನಿಜವೇ ಎಂದು ನೋಡುವ ವ್ಯವಸ್ಥೆ ಆ ಪ್ರೋಟೊಕಾಲ್ ಒಳಗೆ ಇಲ್ಲ. ಮೇಲೆ ಕೂತು ಗದರಿಸುವ ಅಧಿಕಾರಿಯೂ ಇಲ್ಲ. ಇಷ್ಟು ಜನರಲ್ಲಿ ದಿನಕ್ಕೆ ಯಾರಾದರೊಬ್ಬರ ಕೈ ತಪ್ಪೇ ತಪ್ಪುತ್ತದೆ. ಹಾಗಾಗಿ "ಯಾರೂ ತಪ್ಪು ಮಾಡಬೇಡಿ" ಎಂಬುದು ಯೋಜನೆಯಲ್ಲ, ಹಾರೈಕೆ.

ನಡುರಾತ್ರಿ 12.17ರಿಂದ 2.31ರವರೆಗೆ

2008ರ ಆ ಘಟನೆಯನ್ನು ನಿಮಿಷ ನಿಮಿಷವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಅದರೊಳಗೆ ಎಲ್ಲ ಪಾಠವೂ ಇದೆ. ಯೂಟ್ಯೂಬ್ ಆಗ 208.65.152.0/22 ಎಂಬ ಪ್ರಿಫಿಕ್ಸ್ ಅನೌನ್ಸ್ ಮಾಡುತ್ತಿತ್ತು, ಅಂದರೆ 1,024 ವಿಳಾಸಗಳ ಒಂದು ತುಂಡು. ಗೀಟಿನ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ತುಂಡು ಚಿಕ್ಕದು. ಯೂಟ್ಯೂಬನ್ನು ತಡೆಯಿರಿ ಎಂಬ ಸರ್ಕಾರದ ಆದೇಶ ಪಾಲಿಸಲು ಪಾಕಿಸ್ತಾನ್ ಟೆಲಿಕಾಂ ಆ ತುಂಡಿನೊಳಗಿನ 256 ವಿಳಾಸಗಳನ್ನು, 208.65.153.0/24 ಅನ್ನು, ತನ್ನೊಳಗೆ ಕಸದ ಬುಟ್ಟಿಗೆ ತಿರುಗಿಸಿತು. ದೇಶದೊಳಗಿನ ಮಟ್ಟಿಗೆ ಇದು ಮಾಮೂಲಿ ತಂತ್ರ. ಆ ರೂಟು ಒಳಗೇ ಉಳಿಯಲಿಲ್ಲ. ಫೆಬ್ರವರಿ 25ರಂದು ನಮ್ಮ ಗಡಿಯಾರದಲ್ಲಿ ನಡುರಾತ್ರಿ 12.17ಕ್ಕೆ ಪಾಕಿಸ್ತಾನ್ ಟೆಲಿಕಾಂನ ಎಎಸ್ 17557 ಅದನ್ನು ಹೊರಗೂ ಅನೌನ್ಸ್ ಮಾಡಿತು, ಪಿಸಿಸಿಡಬ್ಲ್ಯು ಅದನ್ನು ಒಪ್ಪಿ ಹರಡಿತು. ಎರಡು ರೂಟುಗಳಲ್ಲಿ ಯಾವುದು ಹೆಚ್ಚು ನಿಖರವೋ, ಅಂದರೆ ಚಿಕ್ಕ ತುಂಡಿನದೋ, ಅದಕ್ಕೇ ರೂಟರ್ ಮಣೆ ಹಾಕುತ್ತದೆ. /22ರ ಎದುರು /24 ಬಂದರೆ ದೂರ, ದರ, ನಂಟು ಯಾವುದೂ ಲೆಕ್ಕಕ್ಕಿಲ್ಲ, /24ಕ್ಕೇ ಗೆಲುವು. ಪ್ರಪಂಚದ ಯೂಟ್ಯೂಬ್ ಟ್ರಾಫಿಕ್ ಹಾಗೆ ಪಾಕಿಸ್ತಾನದ ಕಡೆ ಹರಿಯಿತು.

ಯೂಟ್ಯೂಬ್ ಏನು ಮಾಡಬಹುದಿತ್ತು? 1.37ಕ್ಕೆ ತಾನೂ ಅದೇ /24 ಅನೌನ್ಸ್ ಮಾಡಿತು. ಈಗ ಇಬ್ಬರೂ ಸಮ, ಪಾತ್ (ನಡುವೆ ದಾಟಬೇಕಾದ ಎಎಸ್‌ಗಳ ಸಾಲು) ಚಿಕ್ಕದಿದ್ದ ಕಡೆ ಯೂಟ್ಯೂಬ್, ಇಲ್ಲದ ಕಡೆ ಪಾಕಿಸ್ತಾನ. 1.48ಕ್ಕೆ ಇನ್ನೂ ಒಡೆದು ಎರಡು /25 ಬಿಟ್ಟಿತು. ಆದರೆ /24ಕ್ಕಿಂತ ಚಿಕ್ಕ ತುಂಡನ್ನು ಬಹಳಷ್ಟು ನೆಟ್‌ವರ್ಕ್‌ಗಳು ಸ್ವೀಕರಿಸುವುದೇ ಇಲ್ಲ, ಆದ್ದರಿಂದ ಅದೂ ಅರೆಬರೆ. ಕೊನೆಗೆ ಗೋಳು ಮುಗಿದದ್ದು 2.31ಕ್ಕೆ, ಪಿಸಿಸಿಡಬ್ಲ್ಯು ಎಎಸ್ 17557ರಿಂದ ಹೊರಟ ಎಲ್ಲ ರೂಟುಗಳನ್ನು ಹಿಂತೆಗೆದುಕೊಂಡಾಗ. ಯೂಟ್ಯೂಬ್ ತನ್ನ ಕೈಲಿದ್ದ ಎಲ್ಲ ಅಸ್ತ್ರ ಬಿಟ್ಟೂ ಆಗದ ಕೆಲಸ ಪಕ್ಕದವರ ಒಂದೆರಡು ಸಾಲಿನ ಕಾನ್ಫಿಗರೇಶನ್‌ನಿಂದ ಆಯಿತು. ಅದೇ ಸಾಲುಗಳು ಹಿಂದಿನ ದಿನವೇ ಅಲ್ಲಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಗಿರಾಕಿ ಹೇಳಿದ್ದನ್ನೆಲ್ಲ ನಂಬದಿರುವುದು

ಆ ಸಾಲುಗಳು ಯಾವುವು? ಒಬ್ಬ ಗಿರಾಕಿ ಬಿಜಿಪಿ ಸೆಷನ್ (ಇಬ್ಬರ ರೂಟರ್‌ಗಳ ನಡುವಿನ ಬಿಜಿಪಿ ಸಂಪರ್ಕ) ಕೇಳಿದಾಗ ಅಪ್‌ಸ್ಟ್ರೀಮ್ ಕಂಪನಿ, ಅಂದರೆ ಅವರಿಗೆ ಇಂಟರ್ನೆಟ್ ಕೊಡುವ ಕಂಪನಿ, ಮೂರು ವಿಷಯ ಕೇಳಿ ತೆಗೆದುಕೊಳ್ಳಬೇಕು: ಎಎಸ್ ಸಂಖ್ಯೆ, ಅವರು ಅನೌನ್ಸ್ ಮಾಡಲಿರುವ ಪ್ರಿಫಿಕ್ಸ್‌ಗಳು, ಅವರ ಕೆಳಗೆ ಇನ್ನು ಯಾರಾದರೂ ಇದ್ದರೆ ಅವರೆಲ್ಲರ ಎಎಸ್ ಪಟ್ಟಿ. ಇವು ರೂಟಿಂಗ್ ರಿಜಿಸ್ಟ್ರಿ ಎಂಬ ಸಾರ್ವಜನಿಕ ಪಟ್ಟಿಯಲ್ಲಿ ದಾಖಲಾಗಿರಬೇಕು. ಬಿಜಿಪಿಕ್ಯೂ4 ಎಂಬ ಉಚಿತ ಉಪಕರಣ ಆ ದಾಖಲೆ ಓದಿ, ನಿಮ್ಮ ರೂಟರಿಗೆ ಬೇಕಾದ ಭಾಷೆಯಲ್ಲೇ, ಒಪ್ಪಬಹುದಾದ ಪ್ರಿಫಿಕ್ಸ್‌ಗಳ ಲಿಸ್ಟ್ ಬರೆದು ಕೊಡುತ್ತದೆ. ಅದನ್ನು ದಿನಕ್ಕೊಮ್ಮೆ ತಾನಾಗಿ ಓಡುವಂತೆ ಇಟ್ಟರೆ ಗಿರಾಕಿಗೆ ಹೊಸ ವಿಳಾಸ ಸಿಕ್ಕಾಗ ಯಾರೂ ರೂಟರಿಗೆ ಕೈ ಹಾಕಬೇಕಿಲ್ಲ. ಒಮ್ಮೆ ಕೈಯಿಂದ ಬರೆದು ಮರೆತುಬಿಡುವ ಲಿಸ್ಟಿಗೆ ಆಯುಷ್ಯ ಕಡಿಮೆ. ಆರು ತಿಂಗಳಲ್ಲಿ ಗಿರಾಕಿ ಬೈಯುತ್ತಾರೆ, ಬೇಸತ್ತ ಇಂಜಿನಿಯರ್ "ಎಲ್ಲ ಬಿಡು" ಎಂದು ಹಾಕಿ ಹೋಗುತ್ತಾರೆ. ಫಿಲ್ಟರ್ ಇಲ್ಲದ ಸೆಷನ್‌ಗಳಲ್ಲಿ ಎಷ್ಟೋ ಹುಟ್ಟುವುದು ಹೀಗೆ.

ಇದರ ಜೊತೆಗೆ ಎಲ್ಲ ಗಿರಾಕಿಗಳಿಗೂ ಒಂದೇ ಆದ ತಡೆಗಳು: ಡಿಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ್ದೆಲ್ಲ ಹೋಗುವ ದಾರಿ), 10.0.0.0/8 ಮತ್ತು 192.168.0.0/16ರಂಥ ಖಾಸಗಿ ವಿಳಾಸಗಳು, ನಮ್ಮದೇ ಪ್ರಿಫಿಕ್ಸ್‌ಗಳು, ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ /24ಕ್ಕಿಂತ ಹಾಗೂ ಹೊಸದಾದ ಐಪಿವಿ6ರಲ್ಲಿ /48ಕ್ಕಿಂತ ಚಿಕ್ಕವು. ಚಿಕ್ಕ ಗಿರಾಕಿಯ ಪಾತ್‌ನ ನಡುವೆ ಜಾಗತಿಕ ದೈತ್ಯ ಕಂಪನಿಗಳ ಎಎಸ್ ಸಂಖ್ಯೆ ಕಂಡರೆ ಅದನ್ನೂ ಬಿಸಾಕಬೇಕು. ಜಿಲ್ಲಾ ಕೇಂದ್ರದ ಐಎಸ್‌ಪಿಯೊಂದು ಎನ್‌ಟಿಟಿಯಂಥ ದೈತ್ಯ ಕಂಪನಿಗೆ ನಮ್ಮನ್ನು ಮುಟ್ಟಿಸುತ್ತೇನೆ ಎನ್ನುತ್ತಿದ್ದರೆ ಎಲ್ಲೋ ರೂಟು ಹೋಗಬಾರದ ಕಡೆ ಸೋರಿ ಲೀಕ್ ಆಗಿದೆ ಎಂದೇ ಅರ್ಥ.

ಕೊನೆಯದು ಮ್ಯಾಕ್ಸ್-ಪ್ರಿಫಿಕ್ಸ್. 20 ಪ್ರಿಫಿಕ್ಸ್ ಕೊಡುವ ಗಿರಾಕಿಗೆ 40ರ ಮಿತಿ ಹಾಕಿದರೆ, ಯಾವತ್ತಾದರೂ ಅವರು ಇಡೀ ರೂಟಿಂಗ್ ಟೇಬಲ್ ಅನ್ನೇ ನಮ್ಮ ಮೇಲೆ ಸುರಿದಾಗ ಸೆಷನ್ ತಾನಾಗಿ ಕಡಿದುಕೊಳ್ಳುತ್ತದೆ. ಒರಟು ಉಪಾಯ, ಗಿರಾಕಿ ಪೂರ್ತಿ ಆಫ್‌ಲೈನ್ ಆಗುತ್ತಾರೆ. ಅದಕ್ಕೇ ಶೇ. 75 ಮುಟ್ಟಿದಾಗಲೇ ಎಚ್ಚರಿಕೆ ಬರುವಂತಿಟ್ಟು, ಆ ಎಚ್ಚರಿಕೆ ಯಾರಾದರೂ ನಿಜವಾಗಿ ಓದುವ ಕಡೆ ಬೀಳುವಂತೆ ಮಾಡಬೇಕು. ರೂಟರಿನ ದಿನಚರಿಯಾದ ಸಿಸ್‌ಲಾಗ್ ಫೈಲಿನಲ್ಲಿ ಬಿದ್ದ ಎಚ್ಚರಿಕೆ ಬಾವಿಗೆ ಬಿದ್ದಂತೆಯೇ.

ಇದನ್ನೆಲ್ಲ ಸಣ್ಣವರು ಮಾಡುವುದಿಲ್ಲ, ದೊಡ್ಡವರು ಮಾಡುತ್ತಾರೆ ಎಂಬ ನಂಬಿಕೆ ಇದೆ. 2019ರ ಜೂನ್ 24 ಅದನ್ನು ಮುರಿಯಿತು. ಅಮೆರಿಕದ ಪೆನ್ಸಿಲ್ವೇನಿಯಾದ ಡಿಕ್ಯುಇ ಎಂಬ ಐಎಸ್‌ಪಿ "ಬಿಜಿಪಿ ಆಪ್ಟಿಮೈಸರ್" ಬಳಸುತ್ತಿತ್ತು. ಟ್ರಾಫಿಕ್ ಅನ್ನು ಬೇಕಾದ ಲಿಂಕಿಗೆ ತಿರುಗಿಸಲು ಬೇರೆಯವರ ಪ್ರಿಫಿಕ್ಸ್‌ಗಳನ್ನು ತನ್ನೊಳಗೇ ಒಡೆದು ಚಿಕ್ಕದು ಮಾಡಿಕೊಳ್ಳುವ ಪೆಟ್ಟಿಗೆ ಅದು. ಉದಾಹರಣೆಗೆ, ಅನೇಕ ಜಾಲತಾಣಗಳನ್ನು ಜನರಿಗೆ ತಲುಪಿಸುವ ಕ್ಲೌಡ್‌ಫ್ಲೇರ್ ಕಂಪನಿಯ 104.20.0.0/20 ಎರಡು /21 ಆಗಿತ್ತು. ಆ ಒಡೆದ ರೂಟುಗಳು ಡಿಕ್ಯುಇಯ ಗಿರಾಕಿಯಾಗಿದ್ದ ಅಲೆಘೆನಿ ಎಂಬ ಲೋಹ ತಯಾರಿಕಾ ಕಂಪನಿಗೆ ಸೋರಿದವು. ಅಲೆಘೆನಿಗೆ ಇನ್ನೊಂದು ಲಿಂಕ್ ವೆರಿಝಾನ್‌ನಿಂದ ಇತ್ತು. ಕಾರ್ಖಾನೆ ಆ ರೂಟುಗಳನ್ನು ವೆರಿಝಾನ್‌ಗೆ ಒಪ್ಪಿಸಿತು, ಜಗತ್ತಿನ ಅತಿ ದೊಡ್ಡ ನೆಟ್‌ವರ್ಕ್‌ಗಳಲ್ಲೊಂದಾದ ವೆರಿಝಾನ್ ಅವನ್ನು ನಂಬಿ ಎಲ್ಲರಿಗೂ ಹೇಳಿತು. ನಮ್ಮ ಸಂಜೆ 4 ಗಂಟೆಯ ಹೊತ್ತಿಗೆ ಇಂಟರ್ನೆಟ್‌ನ ಒಂದು ಪಾಲು ಲೋಹದ ಕಾರ್ಖಾನೆಯ ಕಿರಿದಾದ ಲಿಂಕಿನ ಮೂಲಕ ಹಾಯಲು ಹೊರಟು ಉಸಿರುಗಟ್ಟಿತು. ಕ್ಲೌಡ್‌ಫ್ಲೇರ್ ಗರಿಷ್ಠ ಹಂತದಲ್ಲಿ ತನ್ನ ಟ್ರಾಫಿಕ್‌ನ ಶೇ. 15ರಷ್ಟನ್ನು ಕಳೆದುಕೊಂಡಿತು. ಬೆರಳೆಣಿಕೆಯ ಪ್ರಿಫಿಕ್ಸ್‌ಗಳ ಗಿರಾಕಿ ಇದ್ದಕ್ಕಿದ್ದಂತೆ ಸಾವಿರಾರು ರೂಟು ಕೊಟ್ಟರೂ ವೆರಿಝಾನ್‌ನ ಕಡೆ ಮಿತಿಯೂ ಇರಲಿಲ್ಲ, ಫಿಲ್ಟರೂ ಇರಲಿಲ್ಲ.

ನನ್ನ ಮಟ್ಟಿಗೆ ಇಲ್ಲಿ ಕಡಿಮೆ ತಪ್ಪು ಕಾರ್ಖಾನೆಯದು. ಲೋಹ ಮಾಡುವವರಿಗೆ ಬಿಜಿಪಿ ಗೊತ್ತಿರಬೇಕು ಎಂದು ಕೇಳುವುದು ಅತಿಯಾಯಿತು. ಅದು ವೆರಿಝಾನ್‌ನ ಕಸುಬು.

ಆರ್‌ಪಿಕೆಐ, ಮತ್ತು ಅದರ ಮೊಂಡು ಅಂಚುಗಳು

ಗಿರಾಕಿಯ ಸೆಷನ್‌ನಲ್ಲಿ ಲಿಸ್ಟ್ ಹಾಕಬಹುದು. ಆದರೆ ನಮ್ಮಷ್ಟೇ ದೊಡ್ಡ ನೆಟ್‌ವರ್ಕ್‌ನಿಂದಲೋ ಅಪ್‌ಸ್ಟ್ರೀಮ್‌ನಿಂದಲೋ ಬರುವ ಲಕ್ಷಗಟ್ಟಲೆ ರೂಟುಗಳಿಗೆ ಯಾವ ಲಿಸ್ಟ್? ಇಲ್ಲಿ ಕೆಲಸಕ್ಕೆ ಬರುವುದು ಆರ್‌ಪಿಕೆಐ, ಯಾವ ವಿಳಾಸವನ್ನು ಯಾರು ಅನೌನ್ಸ್ ಮಾಡಬಹುದು ಎಂದು ಸಹಿ ಸಮೇತ ದಾಖಲಿಸುವ ವ್ಯವಸ್ಥೆ. ವಿಳಾಸದ ಒಡೆಯರು ತಮಗೆ ವಿಳಾಸ ಹಂಚಿದ ಪ್ರಾದೇಶಿಕ ರಿಜಿಸ್ಟ್ರಿಯ ಪೋರ್ಟಲ್‌ನಲ್ಲಿ ಆರ್‌ಒಎ ಎಂಬ ಸಹಿ ಮಾಡಿದ ದಾಖಲೆ ಇಡುತ್ತಾರೆ. ಅದರಲ್ಲಿ ಮೂರೇ ಅಂಶ: ಪ್ರಿಫಿಕ್ಸ್, ಅದನ್ನು ಅನೌನ್ಸ್ ಮಾಡಬಹುದಾದ ಎಎಸ್, ಎಷ್ಟು ಚಿಕ್ಕದಾಗಿ ಒಡೆಯಬಹುದು ಎಂಬ ಗರಿಷ್ಠ ಉದ್ದ. ಇದು ಹೊಲಕ್ಕೆ ಪಹಣಿ ಇದ್ದಂತೆ. ಯಾರ ಹೆಸರಲ್ಲಿದೆ ಎಂದು ಹೇಳುತ್ತದೆ, ಒಳನುಗ್ಗುವವರನ್ನು ತಡೆಯುವುದಿಲ್ಲ. ತಡೆಯಬೇಕಾದವರು ದಾಖಲೆ ತೆಗೆದು ನೋಡುವ ಇತರ ನೆಟ್‌ವರ್ಕ್‌ಗಳು. ಅವರು ರೂಟಿನೇಟರ್ ಅಥವಾ ಆರ್‌ಪಿಕೆಐ-ಕ್ಲೈಂಟ್‌ನಂಥ ವ್ಯಾಲಿಡೇಟರ್ ನಡೆಸಿ, ಐದು ಪ್ರಾದೇಶಿಕ ರಿಜಿಸ್ಟ್ರಿಗಳಿಂದ ದಾಖಲೆ ತಂದು, ಸಹಿ ಪರೀಕ್ಷಿಸಿ, ಫಲಿತಾಂಶವನ್ನು ರೂಟರಿಗೆ ಉಣಿಸುತ್ತಾರೆ. ರೂಟರ್ ಪ್ರತಿ ರೂಟಿಗೂ ಮೂರರಲ್ಲಿ ಒಂದು ಮುದ್ರೆ ಒತ್ತುತ್ತದೆ: ವ್ಯಾಲಿಡ್ (ದಾಖಲೆಗೆ ಹೊಂದುತ್ತದೆ), ಇನ್‌ವ್ಯಾಲಿಡ್ (ಹೊಂದುವುದಿಲ್ಲ), ನಾಟ್-ಫೌಂಡ್ (ದಾಖಲೆಯೇ ಇಲ್ಲ). ಇನ್‌ವ್ಯಾಲಿಡ್ ಆದದ್ದನ್ನು ಬಿಸಾಕಬೇಕು. "ಆದ್ಯತೆ ಕಡಿಮೆ ಮಾಡಿದ್ದೇನೆ, ಸಾಕಲ್ಲ" ಎನ್ನುವವರಿದ್ದಾರೆ. ಸಾಲದು. 2008ರ /24ರ ಹಾಗೆ ಹೆಚ್ಚು ನಿಖರವಾದ ರೂಟಿಗೆ ಪ್ರತಿಸ್ಪರ್ಧಿಯೇ ಇರುವುದಿಲ್ಲ, ಆದ್ಯತೆ ಎಷ್ಟೇ ಕಡಿಮೆ ಇದ್ದರೂ ಅದೇ ಗೆಲ್ಲುತ್ತದೆ.

ಆರ್‌ಒಎ ಮಾಡುವಾಗ ಎಡವುವ ಜಾಗ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. /22 ಕೈಲಿದೆ, /22ಕ್ಕೆ ಗರಿಷ್ಠ ಉದ್ದ 22 ಎಂದು ಆರ್‌ಒಎ ಮಾಡಿ ಮಲಗುತ್ತಾರೆ. ಆದರೆ ಟ್ರಾಫಿಕ್ ಹಂಚಲು ಅದರೊಳಗಿನ ಎರಡು /24 ಅನೌನ್ಸ್ ಆಗುತ್ತಿರುತ್ತವೆ, ಒಂದು /24 ಅನ್ನು ಒಬ್ಬ ಗಿರಾಕಿ ತನ್ನದೇ ಎಎಸ್‌ನಿಂದ ಬಿಡುತ್ತಿರುತ್ತಾರೆ. ಆರ್‌ಒಎ ಹರಡಿದ ಕೂಡಲೇ ಮೂರೂ ಇನ್‌ವ್ಯಾಲಿಡ್. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ನಮ್ಮ ವಿಳಾಸಗಳಲ್ಲಿ ಈಗ ಏನೇನು, ಯಾವ ಎಎಸ್‌ನಿಂದ ಅನೌನ್ಸ್ ಆಗುತ್ತಿದೆ ಎಂದು ರೈಪ್‌ಸ್ಟಾಟ್ ಜಾಲತಾಣದಂಥ ಹೊರಗಿನ ಕಣ್ಣಿನಿಂದ ನೋಡುವುದು. ಸ್ವಂತ ರೂಟರಿನಲ್ಲಿ ನೋಡಿದರೆ ಗಿರಾಕಿ ಬೇರೆಡೆ ಬಿಟ್ಟದ್ದು ಕಾಣುವುದಿಲ್ಲ. ಆಮೇಲೆ ಚಿಕ್ಕ ತುಂಡುಗಳಿಗೆ, ಗಿರಾಕಿಯ ಎಎಸ್‌ನದ್ದೂ ಸೇರಿಸಿ, ಆರ್‌ಒಎ ಮಾಡುವುದು. ದೊಡ್ಡದಕ್ಕೆ ಕೊನೆಯಲ್ಲಿ. ಡಿಡಾಸ್ ದಾಳಿ (ಹಲವು ಕಡೆಯಿಂದ ಟ್ರಾಫಿಕ್ ಸುರಿದು ಉಸಿರುಗಟ್ಟಿಸುವುದು) ಆದಾಗ ಟ್ರಾಫಿಕ್ ಶುದ್ಧಿ ಮಾಡಿಕೊಡುವ ಕಂಪನಿ ಗೊತ್ತುಮಾಡಿಕೊಂಡಿದ್ದರೆ ಅವರ ಎಎಸ್‌ಗೂ ಈಗಲೇ ಮಾಡಿಡಬೇಕು, ದಾಳಿಯ ನಡುವೆ ಆರ್‌ಒಎ ಹರಡಲಿ ಎಂದು ಕಾಯುತ್ತ ಕೂರಲಾಗದು. ಹಾಗೆಂದು "ಎಲ್ಲದಕ್ಕೂ ಗರಿಷ್ಠ ಉದ್ದ 24 ಹಾಕಿಬಿಡೋಣ" ಎಂಬ ಉದಾರತೆಯೂ ಬೇಡ. ನಾವು ಬಿಡದ /24 ಒಂದನ್ನು ನಮ್ಮ ಎಎಸ್ ಸಂಖ್ಯೆಯನ್ನೇ ಪಾತ್‌ನ ಕೊನೆಗೆ ಅಂಟಿಸಿ ಬೇರೆ ಯಾರಾದರೂ ಬಿಟ್ಟರೆ ಅದು ವ್ಯಾಲಿಡ್ ಎಂದೇ ತೋರುತ್ತದೆ. ಏನು ಅನೌನ್ಸ್ ಮಾಡುತ್ತೇವೋ ಅಷ್ಟಕ್ಕೇ ಆರ್‌ಒಎ ಇರಲಿ ಎಂದು ಇಂಟರ್ನೆಟ್‌ನ ಮಾನದಂಡ ರೂಪಿಸುವ ಐಇಟಿಎಫ್‌ನ 2022ರ ದಾಖಲೆ ಆರ್‌ಎಫ್‌ಸಿ 9319 ಹೇಳುವುದೂ ಅದನ್ನೇ.

ಪರೀಕ್ಷಿಸುವ ಕಡೆಯಲ್ಲೂ ಸೂಕ್ಷ್ಮಗಳಿವೆ. ವ್ಯಾಲಿಡೇಟರ್ ಎರಡು ಇರಲಿ, ಸಾಧ್ಯವಾದರೆ ಬೇರೆ ಬೇರೆ ತಂತ್ರಾಂಶದ್ದು. ಎರಡೂ ಸತ್ತರೆ ಇಂಟರ್ನೆಟ್ ನಿಲ್ಲುವುದಿಲ್ಲ. ಸಾಮಾನ್ಯವಾಗಿ 7,200 ಸೆಕೆಂಡಿನ ಗಡುವು ಮುಗಿದ ಮೇಲೆ ಎಲ್ಲವೂ ನಾಟ್-ಫೌಂಡ್ ಆಗಿ, ಪರೀಕ್ಷೆ ಇಲ್ಲದ ಹಳೆಯ ಕಾಲಕ್ಕೆ ಸದ್ದಿಲ್ಲದೆ ಮರಳುತ್ತೇವೆ. ಸದ್ದಿಲ್ಲದೆ ಎಂಬುದೇ ಅಪಾಯ, ಅದಕ್ಕೊಂದು ಅಲಾರಂ ಬೇಕು. ಇನ್ನೊಂದು, ಅಷ್ಟಾಗಿ ಯಾರೂ ಹೇಳದ ಸಂಗತಿ: ಕೆಲವು ರೂಟರ್‌ಗಳು ತಾವು ಬಿಸಾಕಿದ ರೂಟನ್ನು ನೆನಪಿಟ್ಟುಕೊಳ್ಳುವುದಿಲ್ಲ. ಆರ್‌ಪಿಕೆಐ ಮಾಹಿತಿ ಬದಲಾದಾಗಲೆಲ್ಲ ಪಕ್ಕದವರನ್ನು "ನಿಮ್ಮ ಟೇಬಲ್ ಪೂರ್ತಿ ಮತ್ತೊಮ್ಮೆ ಕಳಿಸಿ" ಎಂದು ಕೇಳುತ್ತವೆ. ಮಾಹಿತಿ ಬದಲಾಗುವುದು ನಿಮಿಷಗಳ ಲೆಕ್ಕದಲ್ಲಿ. ಒಳ್ಳೆಯ ಕೆಲಸ ಮಾಡಲು ಹೋಗಿ ಪಕ್ಕದವರ ಸಿಪಿಯು ಹಿಂಡಿದಂತಾಗುತ್ತದೆ. ಬಂದ ರೂಟುಗಳ ಪ್ರತಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಸೆಟ್ಟಿಂಗ್ ಹಾಕಿದರೆ ಇದು ತಪ್ಪುತ್ತದೆ. ಜಿಲ್ಲೆ, ತಾಲ್ಲೂಕುಗಳ ಸಣ್ಣ ಐಎಸ್‌ಪಿಗಳ ನೆಚ್ಚಿನ ಮೈಕ್ರೋಟಿಕ್ ಪೆಟ್ಟಿಗೆಗಳಲ್ಲಿ ರೂಟರ್‌ಒಎಸ್ 7ನೇ ಆವೃತ್ತಿ ಇದ್ದರೆ ಮಾತ್ರ ಆರ್‌ಪಿಕೆಐ ಪರೀಕ್ಷೆ ಸಾಧ್ಯ, 6ರಲ್ಲಿ ಇಲ್ಲ. ಅಂಥವರು ಆರ್‌ಒಎಯನ್ನಾದರೂ ಮಾಡಿಡಬಹುದು. ಅದಕ್ಕೆ ರೂಟರೇ ಬೇಕಿಲ್ಲ, ಬ್ರೌಸರ್ ಸಾಕು.

2024ರ ಮೇ ತಿಂಗಳಲ್ಲಿ ಐಪಿವಿ4 ರೂಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆರ್‌ಒಎ ವ್ಯಾಪ್ತಿಗೆ ಬಂದವು. ಯಾರೂ ಕಾನೂನಿನ ಕೋಲು ಬೀಸದೆ ಆದ ಕೆಲಸ ಎಂದು ನೋಡಿದರೆ ಸಣ್ಣದಲ್ಲ.

ಎಲ್ಲರೂ ದಾಖಲೆ ನಂಬತೊಡಗಿದ ಮೇಲೆ ದಾಖಲೆಯೇ ಗುರಿಯಾಗುತ್ತದೆ. 2024ರ ಜನವರಿ 3ರಂದು ಸ್ಪೇನ್‌ನ ಆರೆಂಜ್ ಕಂಪನಿಯ ಗ್ರಾಹಕರಿಗೆ ಗಂಟೆಗಟ್ಟಲೆ ಇಂಟರ್ನೆಟ್ ಸರಿಯಾಗಿ ಸಿಗಲಿಲ್ಲ. ಅದರ ರೂಟರಿಗೆ ಯಾರೂ ನುಗ್ಗಿರಲಿಲ್ಲ. ಯುರೋಪಿನ ರಿಜಿಸ್ಟ್ರಿ ರೈಪ್‌ನಲ್ಲಿದ್ದ ಆರೆಂಜ್‌ನ ಖಾತೆಗೆ ಒಬ್ಬ ಒಳಹೊಕ್ಕು, ಅದರ ಪ್ರಿಫಿಕ್ಸ್‌ಗಳಿಗೆ ಬೇರೆ ಎಎಸ್‌ನ ಆರ್‌ಒಎ ಬರೆದಿಟ್ಟ, ಅಷ್ಟೆ. ಜಗತ್ತಿನ ಶಿಸ್ತಿನ ನೆಟ್‌ವರ್ಕ್‌ಗಳೆಲ್ಲ ಆರೆಂಜ್‌ನ ಅಸಲಿ ರೂಟುಗಳನ್ನು ಇನ್‌ವ್ಯಾಲಿಡ್ ಎಂದು ಕಂಡು ಬಿಸಾಕಿದವು. ಪಾಸ್‌ವರ್ಡ್ "ರೈಪ್‌ಅಡ್ಮಿನ್". ಕಂಪ್ಯೂಟರ್‌ನಿಂದ ಪಾಸ್‌ವರ್ಡ್ ಕದಿಯುವ ಮಾಲ್‌ವೇರ್ ಮೂಲಕ ಅದು ಸೋರಿತ್ತು, ಎರಡನೇ ಹಂತದ ದೃಢೀಕರಣ ಇರಲಿಲ್ಲ. ಆಮೇಲೆ ರೈಪ್ ಅದನ್ನು ಎಲ್ಲರಿಗೂ ಕಡ್ಡಾಯ ಮಾಡಿತು. ಲಕ್ಷಾಂತರ ಮನೆಗಳ ಸಂಪರ್ಕ, ಬಿಲ್ ಕಟ್ಟಲು ವರ್ಷಕ್ಕೊಮ್ಮೆ ಲಾಗಿನ್ ಆಗುವಂಥ ಒಂದು ಖಾತೆಯ ಮೇಲೆ ನಿಂತಿರುತ್ತದೆ ಎಂಬುದು ಅಲ್ಲಿಯವರೆಗೆ ಬಹಳ ಮಂದಿಗೆ ಹೊಳೆದಿರಲಿಲ್ಲ.

ಪೂರ್ತಿ ಪರೋಪಕಾರ

ಇಷ್ಟರವರೆಗಿನದರಲ್ಲಿ ಮಾಡುವವರಿಗೂ ಒಂದಿಷ್ಟು ಲಾಭ ಇದೆ. ಆದರೆ ಒಂದು ಕೆಲಸವಿದೆ, ಅದರ ಲಾಭವೆಲ್ಲ ಅಪರಿಚಿತರಿಗೆ: ನಮ್ಮ ಗ್ರಾಹಕರ ಕಡೆಯಿಂದ ಹೊರಡುವ ಪ್ಯಾಕೆಟ್‌ಗಳ ಕಳುಹಿಸಿದವರ ವಿಳಾಸ ನಿಜವೇ ಎಂದು ನೋಡುವುದು. ಬಿಸಿಪಿ 38 ಎಂದು ಕರೆಯುವ ಈ ಸಲಹೆ ಬಂದದ್ದು 2000ದ ಮೇ ತಿಂಗಳಲ್ಲಿ. ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 2018ರ ಫೆಬ್ರವರಿ 28 ಸಾಕ್ಷಿ. ದಾಳಿಕೋರರು ಪ್ರೋಗ್ರಾಮ್ ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ವಿಳಾಸವನ್ನು ತಮ್ಮದೆಂದು ಬರೆದ ಪುಟ್ಟ ವಿನಂತಿಗಳನ್ನು, ಇಂಟರ್ನೆಟ್‌ಗೆ ತೆರೆದಿಟ್ಟ ಮೆಮ್‌ಕ್ಯಾಶ್‌ಡಿ (ಮಾಹಿತಿಯನ್ನು ಮೆಮೊರಿಯಲ್ಲಿಟ್ಟು ಬೇಗ ಕೊಡುವ ತಂತ್ರಾಂಶ) ಸರ್ವರ್‌ಗಳ ಯುಡಿಪಿ 11211 ಪೋರ್ಟಿಗೆ ಕಳಿಸಿದರು. ಆ ಸರ್ವರ್‌ಗಳು ಸಾವಿರಾರು ಪಟ್ಟು ದೊಡ್ಡ ಉತ್ತರಗಳನ್ನು ಗಿಟ್‌ಹಬ್ ಮೇಲೆ ಸುರಿದವು, ಸೆಕೆಂಡಿಗೆ 1.35 ಟೆರಾಬಿಟ್. ಸುಳ್ಳು ವಿಳಾಸದ ಪ್ಯಾಕೆಟ್ ಹೊರಟ ನೆಟ್‌ವರ್ಕ್‌ನಲ್ಲೇ ಅದನ್ನು ತಡೆದಿದ್ದರೆ ಮುಂದಿನದು ನಡೆಯುತ್ತಲೇ ಇರಲಿಲ್ಲ. ದಾಟಿದ ಮೇಲೆ ಪತ್ತೆ ಹಚ್ಚುವುದು ಮಹಾ ಕಷ್ಟ, ಪ್ಯಾಕೆಟ್‌ನಲ್ಲಿರುವ ವಿಳಾಸವೇ ಸುಳ್ಳಲ್ಲವೇ.

ಮಾಡುವುದು ಹೇಗೆ? ಮನೆ ಸಂಪರ್ಕಗಳ ಕಡೆ ಸ್ಟ್ರಿಕ್ಟ್ ಯುಆರ್‌ಪಿಎಫ್ ಹಾಕಬಹುದು: ಪ್ಯಾಕೆಟ್ ಬಂದ ಪೋರ್ಟಿನಿಂದಲೇ ಆ ವಿಳಾಸಕ್ಕೆ ಮರಳುವ ದಾರಿ ಇದೆಯೇ ಎಂದು ರೂಟರ್ ನೋಡುತ್ತದೆ, ಇಲ್ಲದಿದ್ದರೆ ಬಿಸಾಕುತ್ತದೆ. ಎರಡು ಕಡೆ ಲಿಂಕ್ ಇರುವ ಗಿರಾಕಿಗೆ ಇದನ್ನೇ ಹಾಕಿದರೆ ಕೆಡುತ್ತದೆ, ಅವರ ಟ್ರಾಫಿಕ್ ಒಂದು ದಾರಿಯಲ್ಲಿ ಹೋಗಿ ಇನ್ನೊಂದರಲ್ಲಿ ಬರುವುದು ಸಹಜ. ಅಲ್ಲಿ ಅವರ ಪ್ರಿಫಿಕ್ಸ್‌ಗಳನ್ನಷ್ಟೇ ಬಿಡುವ ಎಸಿಎಲ್, ಅಂದರೆ ಅನುಮತಿ ಪಟ್ಟಿ, ಬರೆಯಬೇಕು. ಹೇಗೂ ಬಿಜಿಪಿಗೆಂದು ಲಿಸ್ಟ್ ತಯಾರಾಗುತ್ತಿರುತ್ತದೆ, ಅದೇ ಲಿಸ್ಟಿನಿಂದ ಇದನ್ನೂ ಹುಟ್ಟಿಸಬಹುದು. 2014ರಲ್ಲಿ ಶುರುವಾದ ಮ್ಯಾನರ್ಸ್ ಎಂಬ ಸ್ವಯಂಪ್ರೇರಿತ ಒಪ್ಪಂದ ನೆಟ್‌ವರ್ಕ್‌ಗಳಿಂದ ನಾಲ್ಕು ಕೆಲಸ ಕೇಳುತ್ತದೆ: ತಪ್ಪು ರೂಟು ದಾಟಿಸದಿರುವುದು, ಸುಳ್ಳು ವಿಳಾಸದ ಪ್ಯಾಕೆಟ್ ತಡೆಯುವುದು, ಸಂಪರ್ಕ ವಿವರ ಸರಿಯಾಗಿಡುವುದು, ತಮ್ಮ ರೂಟಿನ ಮಾಹಿತಿ ಎಲ್ಲರೂ ನೋಡುವಂತೆ ದಾಖಲಿಸುವುದು. ಐಎಸ್‌ಪಿಗಳಿಗೆ ಇದರಲ್ಲಿ ಮೂರು ಕಡ್ಡಾಯ, ಒಂದು ಮಾತ್ರ "ಮಾಡಿದರೆ ಒಳ್ಳೆಯದು". ಆ ಒಂದು ಯಾವುದೆಂದು ಬಿಡಿಸಿ ಹೇಳಬೇಕಿಲ್ಲ.

ಫೋನ್ ಎತ್ತುವವರು

ನಾಲ್ಕರಲ್ಲಿ ನೀರಸವಾಗಿ ಕಾಣುವುದು ಸಂಪರ್ಕ ವಿವರ. ಆದರೆ 2019ರಲ್ಲಿ ಕ್ಲೌಡ್‌ಫ್ಲೇರ್‌ನವರು ವೆರಿಝಾನ್‌ಗೆ ಮೇಲ್ ಮಾಡಿ, ಫೋನ್ ಮಾಡಿ ಎಂಟು ಗಂಟೆ ಕಳೆದರೂ ಉತ್ತರ ಬಂದಿರಲಿಲ್ಲ. ಡಿಕ್ಯುಇಯವರು ಮಾತಿಗೆ ಸಿಕ್ಕಿ, ಅಲೆಘೆನಿಗೆ ಆ ರೂಟು ಕೊಡುವುದನ್ನು ನಿಲ್ಲಿಸಿದ್ದರಿಂದ ಸಮಸ್ಯೆ ಬಗೆಹರಿಯಿತು. ನೆಟ್‌ವರ್ಕ್‌ಗಳ ಸಾರ್ವಜನಿಕ ಡೈರೆಕ್ಟರಿಯಾದ ಪೀರಿಂಗ್‌ಡಿಬಿಯಲ್ಲಿ ಎನ್‌ಒಸಿಯ (ನೆಟ್‌ವರ್ಕ್ ನೋಡಿಕೊಳ್ಳುವ ತಂಡದ) ಫೋನ್ ಮತ್ತು ಮೇಲ್ ವಿಳಾಸ ಹಾಕಿಡಿ. ವ್ಯಕ್ತಿಯ ಹೆಸರಿನ ಮೇಲ್ ಬೇಡ, ಅವರು ಕೆಲಸ ಬಿಟ್ಟ ಮರುದಿನ ಅದು ಅನಾಥ. ಆ ಮೇಲ್ ಸರ್ವರ್ ನಮ್ಮದೇ ಪ್ರಿಫಿಕ್ಸ್‌ನಲ್ಲಿದ್ದರೆ, ಪ್ರಿಫಿಕ್ಸ್ ಹೈಜಾಕ್ ಆದ ಹೊತ್ತಿನಲ್ಲಿ ನಮಗೆ ಎಚ್ಚರಿಕೆ ಹೇಳುವ ಮೇಲ್ ಕೂಡ ಹೈಜಾಕ್ ಆದ ಕಡೆಗೇ ಹೋಗುತ್ತದೆ. ಬೇರೆ ನೆಟ್‌ವರ್ಕ್‌ನಲ್ಲಿ ಒಂದು ಪರ್ಯಾಯ ವಿಳಾಸ, ಬೇರೆ ಕಂಪನಿಯ ಸಿಮ್ ಇರುವ ಒಂದು ಮೊಬೈಲ್, ಎರಡೂ ಬೇಕು. ನಮ್ಮ ಭಾಗದ ರಿಜಿಸ್ಟ್ರಿಯಾದ ಎಪಿಎನ್‌ಐಸಿ, ದೂರು ಸ್ವೀಕರಿಸುವ ಮೇಲ್ ವಿಳಾಸವನ್ನು ಆರು ತಿಂಗಳಿಗೊಮ್ಮೆ ದೃಢಪಡಿಸಿ ಎನ್ನುವುದನ್ನು ಕಿರಿಕಿರಿ ಎನ್ನುವವರೇ ಹೆಚ್ಚು. ಕಿರಿಕಿರಿಯೇ ಹೌದು, ಮಾಡಬೇಕಾದದ್ದೂ ಹೌದು.

ನಮ್ಮ ದೇಶವೇನೂ ಇದರಿಂದ ಹೊರಗಿಲ್ಲ. 2021ರ ಏಪ್ರಿಲ್ 16ರಂದು ವೊಡಾಫೋನ್ ಐಡಿಯಾದ ಎಎಸ್ 55410ರಿಂದ ತನ್ನದಲ್ಲದ 30 ಸಾವಿರಕ್ಕೂ ಹೆಚ್ಚು ಪ್ರಿಫಿಕ್ಸ್‌ಗಳು ಹೊರಬಿದ್ದವು. ಅವನ್ನು ಒಪ್ಪಿಕೊಂಡವರ ಟ್ರಾಫಿಕ್ ಇತ್ತ ತಿರುಗಿತು. ಅಂದು ಇನ್‌ವ್ಯಾಲಿಡ್ ಬಿಸಾಕುತ್ತಿದ್ದ ನೆಟ್‌ವರ್ಕ್‌ಗಳಲ್ಲಿ, ಆರ್‌ಒಎ ಇದ್ದ ಪ್ರಿಫಿಕ್ಸ್‌ಗಳಿಗೆ ಏನೂ ಆಗಲಿಲ್ಲ. ಎರಡೂ ಕಡೆಯವರು ತಮ್ಮ ತಮ್ಮ ಅರ್ಧ ಮಾಡಿದ್ದಲ್ಲಿ ಮಾತ್ರ ಈ ಕವಚ. ದಾಖಲೆ ಇದ್ದು ನೋಡುವವರಿಲ್ಲದ ಕಡೆ, ನೋಡುವವರಿದ್ದು ದಾಖಲೆ ಇಲ್ಲದ ಕಡೆ, ಫಲ ಒಂದೇ.

ಇಷ್ಟೆಲ್ಲ ಆದರೂ ಆರ್‌ಪಿಕೆಐ ನೋಡುವುದು ಪಾತ್‌ನ ಕೊನೆಯ ಎಎಸ್ ಅನ್ನು ಮಾತ್ರ. ಎರಡು ಅಪ್‌ಸ್ಟ್ರೀಮ್ ಇರುವ ಕಾಲೇಜೋ ಕಾರ್ಖಾನೆಯೋ ಒಬ್ಬರಿಂದ ಕೇಳಿದ್ದನ್ನು ಒಡೆಯದೆ, ಇದ್ದಂತೆಯೇ ಇನ್ನೊಬ್ಬರಿಗೆ ಹೇಳಿದರೆ ಎಲ್ಲ ಮುದ್ರೆಯೂ ವ್ಯಾಲಿಡ್, ದಾರಿ ಮಾತ್ರ ತಪ್ಪು. ಇದಕ್ಕೆ ಸೆಷನ್‌ನಲ್ಲೇ "ನೀವು ಗಿರಾಕಿ, ನಾನು ಪ್ರೊವೈಡರ್" ಎಂದು ಇಬ್ಬರೂ ಘೋಷಿಸಿಕೊಳ್ಳುವ ವಿಧಾನ 2022ರ ಆರ್‌ಎಫ್‌ಸಿ 9234ರಲ್ಲಿದೆ. "ನನ್ನ ಅಪ್‌ಸ್ಟ್ರೀಮ್‌ಗಳು ಇವರೇ" ಎಂದು ಆರ್‌ಒಎಯಂತೆಯೇ ಸಹಿ ಮಾಡಿಡುವ ಆಸ್ಪಾ ಐಇಟಿಎಫ್‌ನಲ್ಲಿ ವರ್ಷಗಳಿಂದ ಬೆಳೆಯುತ್ತಿದೆ. ಅವು ಎಲ್ಲ ಕಡೆ ಬರುವವರೆಗೆ, ಹೊಸ ಲಿಂಕ್ ತೆಗೆದುಕೊಳ್ಳುವ ಐಎಸ್‌ಪಿಗಳು ದರ ಮತ್ತು ಲೇಟೆನ್ಸಿಯ ಜೊತೆ ಇನ್ನೂ ಎರಡು ಪ್ರಶ್ನೆ ಕೇಳಬಹುದು: ನಮ್ಮಿಂದ ಬರುವ ರೂಟುಗಳಿಗೆ ನೀವು ಹಾಕುವ ಫಿಲ್ಟರ್ ಯಾವ ರಿಜಿಸ್ಟ್ರಿಯಿಂದ ತಯಾರಾಗುತ್ತದೆ, ಎಷ್ಟು ಹೊತ್ತಿಗೊಮ್ಮೆ? ನಮ್ಮ ಮ್ಯಾಕ್ಸ್-ಪ್ರಿಫಿಕ್ಸ್ ಎಷ್ಟು? "ನಿಮಗೆ ಏನೂ ತಡೆ ಇಲ್ಲ, ಏನು ಬೇಕಾದರೂ ಬಿಡಿ ಸಾರ್" ಎಂಬ ಉತ್ತರ ಬಂದರೆ, ಅದೇ ಸೌಲಭ್ಯ ಅವರ ಉಳಿದ ಗಿರಾಕಿಗಳಿಗೂ ಇದೆ ಎಂದು ತಿಳಿದು ಬೇರೆ ಅಪ್‌ಸ್ಟ್ರೀಮ್ ಹುಡುಕುವುದು ಲೇಸು.